ಗೋಡೆ ಮುಚ್ಚುವ ಮುನ್ನ

ಗುರುವಾರ ಪ್ಲಾಸ್ಟರಿನವರು ಬರುತ್ತಾರೆ.
ಅಷ್ಟರೊಳಗೆ ಹೇಳಬೇಕಾದ್ದನ್ನೆಲ್ಲ
ಗೋಡೆಗೆ ಹೇಳಿ ಮುಗಿಸಬೇಕು.

ಎಸ್ಟೋನಿಯಾದ ವೊರು ಪಟ್ಟಣ, ತಮುಲ ಕೆರೆಯ ದಂಡೆ,
ತೈವೊನ ಮನೆಯ ನೆಲಮಾಳಿಗೆ.
ಹೊರಗೆ ಮಾರ್ಚ್ ತಿಂಗಳ ಕೊಳಕು ಹಿಮ.
ಒಳಗೆ ನಾನು, ಕಾಯ್ರೆ,
ಇಪ್ಪತ್ತು ವರ್ಷದಿಂದ ಈ ಊರಿನ ಗೋಡೆಗಳ
ಹೊಟ್ಟೆಯೊಳಗಿನದನ್ನು ಬಲ್ಲವಳು,
ಮಂಡಿಯೂರಿ, ಸೀಮೆಸುಣ್ಣದಲ್ಲಿ
ಒಂದು ಸಿನಿಮಾ ಮಂದಿರ ಬರೆಯುತ್ತಿದ್ದೇನೆ.

ಇಲ್ಲಿ ಪರದೆ. ಇಲ್ಲಿ ಸೋಫಾ.
ಎಡಕ್ಕೊಂದು, ಬಲಕ್ಕೊಂದು, ನಡುವೆ ಮಾತಿಗೊಂದು,
ಪಕ್ಕಕ್ಕೆರಡು, ಬೆನ್ನ ಹಿಂದೆರಡು,
ಮಳೆ ಸುರಿಯಲು ಸೂರಿನಲ್ಲಿ ಎರಡು.
ಗುಡುಗಿಗೆ ಮೂಲೆಯಲ್ಲೊಂದು ಡಬ್ಬಿ.
ಸೋಫಾ ಇನ್ನೂ ಅಂಗಡಿಯಲ್ಲೇ ಇದೆ;
ತೈವೊ ತಲೆಕೆಳಗು ಬಕೆಟ್ಟಿನ ಮೇಲೆ ಕೂರುತ್ತಾನೆ,
ನಾನು ಅವನ ಕಿವಿಯಿಂದ ಟೇಪು ಹಿಡಿದು ಅಳೆಯುತ್ತೇನೆ.
"ಬೆನ್ನ ಹಿಂದಿನಿಂದ ಹೆಲಿಕಾಪ್ಟರ್ ಬರಬೇಕು" ಅನ್ನುತ್ತಾನೆ.
ಮರದ ಕಾರ್ಖಾನೆಯ ಗರಗಸ ಒಂದು ಕಿವಿಯನ್ನು
ಅರ್ಧ ತಿಂದಿದೆ. ಯಾವುದೆಂದು ಅವನು ಹೇಳಲಿಲ್ಲ,
ನಾನು ಕೇಳಲಿಲ್ಲ. ಎರಡು ಸಲ ಕರೆದಾಗ ಗೊತ್ತಾಯಿತು.

ಕರೆಂಟಿನ ತಂತಿ ಆ ಗೋಡೆಗೆ, ಸದ್ದಿನ ತಂತಿ ಈ ಗೋಡೆಗೆ.
ನಡುವೆ ಒಂದು ಮೊಳವಾದರೂ ಇರಲಿ.
ದಾಟಲೇಬೇಕಾದಲ್ಲಿ ನೇರ ಅಡ್ಡಕ್ಕೆ ದಾಟಲಿ,
ನಮಸ್ಕಾರ ಹೇಳಿ ಮುಂದೆ ನಡೆದ ಹಾಗೆ.
ಜೊತೆಜೊತೆಗೆ ಬಹಳ ದೂರ ಹೋದರೆ
ಒಂದರ ಗುಂಯ್‌ಗಾಟ ಇನ್ನೊಂದಕ್ಕೆ ಹತ್ತುತ್ತದೆ.
(ನನ್ನ ಮೊದಲ ಗಂಡನಿಗೂ ಇದನ್ನೇ ಹೇಳಿದ್ದೆ.)

ಮೆಟ್ಟಿಲ ಮೇಲೆ ಸಾಲ್ಮೆ, ತೈವೊನ ತಾಯಿ,
ಮಡಿಲಲ್ಲಿ ಆಲೂಗಡ್ಡೆ, ಕೈಯಲ್ಲಿ ಚಾಕು.
"ಇವು ಇನ್ನು ಎಲ್ಲಿಗೆ ಹೋಗಬೇಕು?"
ಸೋಮವಾರದಿಂದ ಇದೊಂದೇ ಪ್ರಶ್ನೆ.

ಹಿಂಗೋಡೆಯ ಹಲಗೆ ಕಿತ್ತಾಗ ಸಿಕ್ಕಿತು:
ಜೋಡಿ ತಂತಿ, ಇಲಿಬಾಲದಷ್ಟು ತೆಳು,
ಅಡುಗೆಮನೆಯಿಂದ ಇಳಿದುಬಂದು
ಒಂದು ಮೊಳೆಗೆ ಸುತ್ತಿಕೊಂಡು ನಿಂತಿತ್ತು.
ನನ್ನ ನಕ್ಷೆಯಲ್ಲಿ ಇಲ್ಲದ್ದು. ಯಾರ ನಕ್ಷೆಯಲ್ಲೂ.

ಸಾಲ್ಮೆ ಚಾಕು ಕೆಳಗಿಟ್ಟಳು.
"ಅದು ರೇಡಿಯೋ. ಆ ಕಾಲದ್ದು.
ಎಲ್ಲರ ಮನೆಗೂ ತಂತಿ ಎಳೆದು ಕೊಟ್ಟಿದ್ದರು.
ಒಂದೇ ಸ್ಟೇಷನ್ನು. ಕಿವಿ ಹಿಂಡಿದರೆ ದನಿ ತಗ್ಗುತ್ತಿತ್ತು,
ಬಾಯಿ ಮುಚ್ಚುತ್ತಿರಲಿಲ್ಲ.
ಕಡಿದರೆ ಯಾರಾದರೂ ಕೇಳುತ್ತಿದ್ದರು.
ಅದಕ್ಕೇ ನನ್ನ ಓಸ್ವಾಲ್ಡ್ ಒಂದು ರಾತ್ರಿ
ತಂತಿ ಬೆಳೆಸಿ, ಡಬ್ಬಿಯನ್ನು ಇಲ್ಲಿಗೆ ಇಳಿಸಿದ.
ಹದಿನಾಲ್ಕು ಚಳಿಗಾಲ
ಆಲೂಗಡ್ಡೆಗಳು ಭಾಷಣ ಕೇಳಿದವು."

ಸ್ವಲ್ಪ ತಡೆದು,
"ಮೊಳಕೆ ಮಾತ್ರ ಬೇಗ ಬರುತ್ತಿತ್ತು" ಅಂದಳು.

ತೈವೊ ನಕ್ಕ. ಅವನಿಗೆ ಗೊತ್ತಿರಲಿಲ್ಲ.
ಅಪ್ಪನೂ ಒಮ್ಮೆ ಇದೇ ನೆಲದಲ್ಲಿ ಮಂಡಿಯೂರಿ
ಸದ್ದಿನ ದಾರಿ ಅಳೆದಿದ್ದ,
ಮನೆಯೊಳಕ್ಕೆ ತರುವುದಕ್ಕಲ್ಲ,
ಮನೆಯಿಂದ ದೂರಕ್ಕೆ ಒಯ್ಯುವುದಕ್ಕೆ.

"ಈ ನಿನ್ನ ಹತ್ತರಲ್ಲಿ
ಎಷ್ಟನ್ನು ಆರಿಸಬಹುದು?" ಸಾಲ್ಮೆ ನನ್ನನ್ನು ಕೇಳಿದಳು.
ಎಲ್ಲವನ್ನೂ, ಅಂದೆ. ಒಂದೇ ಗುಂಡಿ.
"ಹಾಗಾದರೆ ಹಾಕು."

ಕೊನೆಗೆ ಒಂದು ಖಾಲಿ ಪೈಪು,
ಪರದೆಯಿಂದ ಬೀರುವಿನವರೆಗೆ.
ಯಾಕೆ ಅಂದರು. ಇನ್ನೂ ಹುಟ್ಟದ ತಂತಿಗೆ,
ಹತ್ತು ವರ್ಷದ ನಂತರ ಬೇಕಾಗಬಹುದಾದ್ದಕ್ಕೆ.
ಒಳಗೊಂದು ದಾರ ಬಿಟ್ಟಿರಬೇಕು, ಎಳೆಯಲು.
ನನ್ನ ನೈಲಾನು ಮುಗಿದಿತ್ತು.
ಸಾಲ್ಮೆ ಮೇಲೆ ಹೋಗಿ, ಉಪ್ಪಿನಕಾಯಿ ಜಾಡಿಗೆ ಕಟ್ಟುವ
ನಾರುದಾರದ ಉಂಡೆ ತಂದಳು. ಸಬ್ಬಸಿಗೆಯ ವಾಸನೆ.

ಈಗ ಪ್ರತಿ ತಂತಿಯ ಎರಡೂ ತುದಿಗೆ
ಬಿಳಿ ಪಟ್ಟಿ ಸುತ್ತಿ ಹೆಸರು ಬರೆಯುತ್ತಿದ್ದೇನೆ:
ಎಡ, ಬಲ, ಮಾತು, ಮಳೆ ಒಂದು, ಮಳೆ ಎರಡು.
ಟೇಪು ಹಿಡಿದು ಗೋಡೆಗಳ ಫೋಟೋ ತೆಗೆದೆ.
ಆ ಹಳೆಯದನ್ನು ಕೀಳುವುದೇ ಅಂತ ತೈವೊ ಕೇಳಲಿಲ್ಲ,
ನಾನೂ ಕೀಳಲಿಲ್ಲ.
ಅದಕ್ಕೂ ಪಟ್ಟಿ ಸುತ್ತಿ,
ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ, ಬರೆದೆ:
ಆಲೂಗಡ್ಡೆ.