ಸೋರುವ ಡಬ್ಬಿ

ಕೌಲ್ ಬಜಾರಿನ ಗುಜರಿಯಲ್ಲಿ ನೂರಿಪ್ಪತ್ತಕ್ಕೆ ಸಿಕ್ಕ
ಪ್ಲಾಸ್ಟಿಕ್ ಕ್ಯಾಮೆರಾ. ತೊಳೆಸಿದ ಮೊದಲ ರೀಲಿನಲ್ಲಿ
ಪ್ರತಿ ಚಿತ್ರದ ಬಲಕ್ಕೂ ಕೆಂಡದ ಗೀರು.

ರಾತ್ರಿ ಕಂಬಳಿ ಹೊದ್ದು ಅದರ ಹೊಟ್ಟೆಯೊಳಗೆ
ಟಾರ್ಚಿಟ್ಟು ನೋಡಿದೆ:
ಬೆನ್ನಿನ ಬಾಗಿಲ ಕೀಲಲ್ಲಿ ಒಂದು ಎಳೆ,
ಕೆಂಪು ಕಿಂಡಿಯ ಸುತ್ತ ಸಾಸಿವೆಯಷ್ಟು ಮೂರು.

ಜೀನ್ಸ್ ಹೊಲಿಯುವ ಹುಸೇನಮ್ಮ
ಕರಿ ಬಟ್ಟೆಯ ಅಂಚು ಹರಿದು ಕೊಟ್ಟಳು.
"ಬೆಳಕಿಗೂ ತ್ಯಾಪಿ ಹಚ್ತೀಯೇನಪ?"
ಅಂಟು, ಬೆಂಕಿಕಡ್ಡಿಯ ತುದಿ, ಮೂರು ತಾಸು.

ಎರಡನೇ ರೀಲು. ಗೀರಿಲ್ಲ.
ಅದೇ ಜಗಲಿ, ಅದೇ ಮಷೀನು,
ಹಿಂದೆ ಅದೇ ಬಂಡೆಗುಡ್ಡ,
ಅವಳ ಮೂಗುತಿಯ ಹರಳೂ ಎಣಿಸಬಹುದು.

ಎರಡೂ ಫೋಟೋ ಮೊಣಕಾಲ ಮೇಲಿಟ್ಟು
ಬಹಳ ಹೊತ್ತು ನೋಡಿದಳು.
ಕೆಂಡದ ಗೀರಿನದನ್ನು ದಾರದ ಡಬ್ಬಿಗೆ ಸೇರಿಸಿ
ಹೊಸದನ್ನು ನನ್ನ ಕಡೆ ಸರಿಸಿದಳು:
"ಇದರಾಗ ಬಿಸಿಲ ಇಲ್ಲ. ಯಾವೂರಿದು?"