ಹದಿನೇಳನೇ ಟ್ಯೂಬು

ಇಪ್ಪತ್ತನಾಲ್ಕು ಟ್ಯೂಬು ಕಳಿಸಿದ್ದೆವು.
ಒಂಬತ್ತನೇ ದಿನ ವರದಿ ಬಂತು:
ಇಪ್ಪತ್ತಮೂರು ಮೀನು,
ಹದಿನೇಳನೆಯದು ಮನುಷ್ಯ.

ಮೇಡಂ ಮೊದಲು ನಕ್ಕರು. ಆಮೇಲೆ ನಗಲಿಲ್ಲ.
"ಗ್ಲೌಸ್ ಹಾಕಿದ್ದೆಯೇನೇ ಉಜ್ವಲಾ?"
ಹಾಕಿದ್ದೆ. ಹರಿದಿತ್ತೋ, ಬೆವರಿಗೆ ತೆಗೆದೆನೋ.
ಕೋಡಿಬಾಗದ ಈ ಲ್ಯಾಬಿನಲ್ಲಿ ಏಪ್ರಿಲ್ ಅಂದರೆ
ಫ್ರಿಜ್ಜಿನ ಬಾಗಿಲು ತೆರೆಯಲು ನೆಪ ಹುಡುಕುವ ತಿಂಗಳು.

ಆ ದಿನ ಬೈತಖೋಲಿನ ಧಕ್ಕೆಯಲ್ಲಿ
ಹರಾಜು ಕೂಗುವವರ ಕಾಲ ಸಂದಿಯಲ್ಲಿ ಕೂತು
ಕಿವಿರಿನ ಪಕ್ಕದಿಂದ ಅಕ್ಕಿಕಾಳಿನಷ್ಟು ಮಾಂಸ
ಕತ್ತರಿಸಿ ಸ್ಪಿರಿಟ್ಟಿಗೆ ಹಾಕುತ್ತಿದ್ದೆ.
"ಇಷ್ಟು ಚೂರಿಗೆ ಎಷ್ಟು ಕಾಯಿ ಅರೆಯುತ್ತೀಯೆ ಮಗಾ?"
ಇಂದುಮತಿ ದುರ್ಗೇಕರಳ ಕುಶಾಲು.
ಅವಳೇ ತೋರಿಸಿದ್ದು, ಬುಟ್ಟಿಯಲ್ಲಿ ಅಕ್ಕಪಕ್ಕ ಎರಡು ನೊಗ್ಲಿ:
ಇದು ಸಾರಿಗೆ ನಿಲ್ಲುತ್ತದೆ, ಅದು ಕುದಿ ಬಂದರೆ ಒಡೆಯುತ್ತದೆ.
ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು.
ವರದಿಯಲ್ಲಿ, ಆರುನೂರೈವತ್ತು ಅಕ್ಷರಗಳಲ್ಲಿ,
ಎಪ್ಪತ್ತೊಂದು ಬೇರೆ.
ಅಷ್ಟಿದ್ದರೆ ಎರಡು ಜಾತಿ ಎನ್ನಬಹುದು ಎಂದರು ಮೇಡಂ.
ಅವಳ ನಾಲಿಗೆಗೆ ಹೇಳಬೇಕು, ನಿನ್ನದು ಸರಿ ಅಂತ.

ಅಕ್ಷರ ಅಂದರೆ ನಾಲ್ಕೇ. ಎ, ಟಿ, ಜಿ, ಸಿ.
ಎ ಎದುರು ಟಿ, ಜಿ ಎದುರು ಸಿ,
ಬೇರೆಯವರ ಎದುರು ಕೂರುವುದಿಲ್ಲ.
ಒಂದೆಳೆ ಹೋದರೂ ಇನ್ನೊಂದನ್ನು ನೋಡಿ
ಬರೆದುಕೊಳ್ಳಬಹುದು ಹೋದದ್ದನ್ನು.

ಚೂರು ರಾತ್ರಿಯಿಡೀ ಬಿಸಿನೀರಲ್ಲಿ ಕರಗುತ್ತದೆ.
ಬೆಳಿಗ್ಗೆ ತಣ್ಣನೆ ಸ್ಪಿರಿಟ್ ಇಳಿಸಿದರೆ
ತಿಳಿಯಲ್ಲಿ ಬಿಳಿ ಎಳೆ ಏಳುತ್ತದೆ, ಮೂಗಿನ ಸಿಂಬಳದಂತೆ.
ಚಂದದ ಹೋಲಿಕೆ ಹುಡುಕಿದ್ದೆ, ಸಿಗಲಿಲ್ಲ.
ಅದರೊಳಗೆ ನಮಗೆ ಬೇಕಾದ್ದು ಒಂದು ತುಣುಕು.
ಯಂತ್ರದಲ್ಲಿಟ್ಟು ಕಾಯಿಸಿ ಬಿಡಿಸು, ತಣಿಸಿ ಕೂಡಿಸು,
ಒಂದು ಎರಡು, ಎರಡು ನಾಲ್ಕು,
ಮೂವತ್ತೈದು ಸುತ್ತು.
ಇಪ್ಪತ್ತೆರಡಕ್ಕೆ ಹೆಸ್ಕಾಂ ಕೈಕೊಟ್ಟಿತು.
ಕತ್ತಲಲ್ಲಿ ಸೇತುವೆಯ ಮೇಲೆ ಗೋವೆಯ ಲಾರಿಗಳು.
ಮತ್ತೆ ಮೊದಲಿಂದ.

ತಪ್ಪು ಅಲ್ಲೇ ಆಗಿರಬೇಕು, ಆ ಮೊದಲಿಂದದಲ್ಲಿ.

ಆದರೆ ನಾವು ಓದುವ ತುಣುಕು
ಜೀವಕೋಶದ ನಡುಮನೆಯಲ್ಲಿಲ್ಲ,
ಹೊರಗೆ ಒಲೆ ಉರಿಸುವ ಮೈಟೋಕಾಂಡ್ರಿಯದಲ್ಲಿದೆ.
ಅದು ತಾಯಿಯಿಂದ ಮಾತ್ರ ಬರುತ್ತದೆ.
ಅಪ್ಪನ ಪಾಲು ಅದರಲ್ಲಿಲ್ಲ,
ರತ್ನಾಗಿರಿಯ ಬೋಟು ಹತ್ತಿದವ ಕೇಳಿಯೂ ಇಲ್ಲ.
ಹಾಗಾದರೆ ಹದಿನೇಳರಲ್ಲಿ ಇರುವುದು
ಆಯಿ.

ಆಯಿ ಇಪ್ಪತ್ತು ವರ್ಷ ಶೆಟ್ಲಿ ಸುಲಿದಳು
ಐಸ್ ನೀರಲ್ಲಿ ಕೈ ಅದ್ದಿಕೊಂಡು, ಕಿಲೋ ಲೆಕ್ಕ.
ಬೆರಳ ತುದಿಯ ಗೆರೆಗಳು ಸವೆದು
ರೇಶನ್ ಅಂಗಡಿಯ ಯಂತ್ರ ಅವಳನ್ನು ಒಪ್ಪಲಿಲ್ಲ.
"ಹೊಂದಿಕೆಯಾಗುತ್ತಿಲ್ಲ, ಇನ್ನೊಂದು ಬೆರಳು ಇಡಿ."
ಹತ್ತೂ ಇಟ್ಟಳು.
ಸೆರಗಿಗೆ ಒರೆಸಿ, ಮತ್ತೆ ಹತ್ತೂ.
ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದು
"ನಾನು ನಾನಲ್ಲವಂತೆ" ಎಂದು ನಕ್ಕಳು.

ಇಲ್ಲಿ ಪರದೆಯ ಮೇಲೆ: ಹೊಂದಿಕೆ ನೂರಕ್ಕೆ ನೂರು.

ಗೊತ್ತು, ಇದು ಅವಳೊಬ್ಬಳ ಸಹಿಯಲ್ಲ.
ಇದೇ ಸಾಲು ಸಾವಿರ ಹೆಂಗಸರಲ್ಲಿ ಇರಬಹುದು,
ಹಡಗು ಹತ್ತಿ ಬಂದವರಲ್ಲಿ, ಘಟ್ಟ ಇಳಿದವರಲ್ಲಿ,
ಕಾಳಿಯ ಆಚೆ ಸದಾಶಿವಗಡದಲ್ಲಿ ಇವಳ ಮುಖ ನೋಡದವರಲ್ಲಿ.
ಓದು ಬಾರದವಳು ಒಂದಕ್ಷರ ತಪ್ಪದೆ
ನಕಲು ಮಾಡಿ ಕೊಟ್ಟಳು ಅನ್ನಬಹುದಿತ್ತು.
ಆದರೆ ತಪ್ಪೂ ಆಗುತ್ತದೆ; ಆಗದಿದ್ದರೆ
ಎರಡು ನೊಗ್ಲಿ ಇರುತ್ತಿರಲಿಲ್ಲ.

ತಮ್ಮ ದಿಗಂಬರನಲ್ಲೂ ಇದು ಇದೆ, ಅವನ ಮಕ್ಕಳಲ್ಲಿಲ್ಲ.
ನನಗೆ ಮಕ್ಕಳಿಲ್ಲ.
ಮೈನಸ್ ಇಪ್ಪತ್ತರ ಡಬ್ಬಿಯಲ್ಲಿ ಒಂದು ಹನಿ ಇದೆ.

ಲ್ಯಾಬಿನ ಪುಸ್ತಕದಲ್ಲಿ ಬರೆದೆ:
ಹದಿನೇಳು, ಬೆರಕೆ. ಎಸೆಯಬೇಕು.
ಎಸೆದಿಲ್ಲ ಇನ್ನೂ.
ಇಂದುಮತಿಗೆ ಫೋನು ಹಚ್ಚಿದೆ, ಆ ಮೀನು ಮತ್ತೆ ಸಿಕ್ಕೀತಾ?
"ಯಾವುದೇ?"
ಹದಿನೇಳು ಅಂದೆ.
"ನನ್ನ ಬುಟ್ಟಿಯಲ್ಲಿ ನಂಬರಿಲ್ಲ ಮಗಾ.
ಅದನ್ನು ಯಾರೋ ಅವತ್ತೇ ಉಂಡಾಯಿತು."