ಕಳ್ಳಗಾಳಿ

ಪುಷ್ಯದ ಥಂಡಿ. ಬೀದರಿನ ನಸುಕಿಗೆ ಹಲ್ಲು ಮೂಡಿವೆ.
ಚಿದ್ರಿ ರಸ್ತೆಯ ಕೆಂಪು ಮಣ್ಣಿನಲ್ಲಿ ನನ್ನ ಪದ್ಮಿನಿ,
ಎಂಬತ್ತೇಳರ ಗಾಡಿ, ಬೆನ್ನಿಗೆ ಕೆಂಪು ಎಲ್,
ನನ್ನ ಕಾಲ ಕೆಳಗೂ ಒಂದು ಬ್ರೇಕು.

ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಾರೆ ಎಸ್ತೇರ ಸಿಸ್ಟರ್,
ಕೈಯಲ್ಲಿನ್ನೂ ಡೆಟಾಲಿನ ವಾಸನೆ.
ಚೋಕ್ ಎಳೆದರೆ ಹತ್ತುತ್ತದೆ,
ಎಕ್ಸಲೇಟರಿನಿಂದ ಕಾಲು ತೆಗೆದರೆ
ನಡುಗಿ, ಕೆಮ್ಮಿ, ಬಂದ್.
ಒಂಬತ್ತು ಮುಂಜಾನೆ. ಒಂಬತ್ತೂ ಸಲ ನಾನು:
'ಕ್ಲಚ್ಚು ಸಿಸ್ಟರ್, ಕ್ಲಚ್ಚು! ಎಷ್ಟು ಸಲ ಹೇಳ್ಬೇಕ್ರಿ?'
ಒಂಬತ್ತೂ ಸಲ ಅವರು: 'ತಪ್ಪಾಯ್ತ್ರಿ ಸರ್.'

ಹತ್ತನೆಯ ದಿನ ಅವರಿಗಿಂತ ಮೊದಲು ಬಂದು ನಾನೇ ಕೂತೆ.
ಗೇರು ಹಾಕಲಿಲ್ಲ, ಕ್ಲಚ್ಚು ಮುಟ್ಟಲಿಲ್ಲ.
ಕಾಲು ತೆಗೆದೆ.
ನಡುಗಿತು. ಕೆಮ್ಮಿತು. ಬಂದ್.

ಝರೆಪ್ಪ ಮಿಸ್ತ್ರಿ ಮಧ್ಯಾಹ್ನ ಗಾಡಿ ಮುಟ್ಟಲೇ ಇಲ್ಲ.
'ಬಿಸಿ ಇಂಜಿನ್ ಸುಳ್ಳು ಹೇಳ್ತದ.
ಇಲ್ಲೇ ಬಿಟ್ಟು ಹೋಗ್ರಿ, ರಾತ್ರಿ ಆರ್ಲಿ.'

ಆರೂವರೆಗೆ ಬಾನೆಟ್ಟು ತೆರೆದ.
ಏರ್ ಫಿಲ್ಟರಿನ ಮುಚ್ಚಳ ಎತ್ತಿ
ಚೋಕಿನ ರೆಕ್ಕೆ ಪೂರ್ತಿ ಮುಚ್ಚುತ್ತದೋ ಎಂದು
ಉಗುರು ತೂರಿಸಿ ನೋಡಿದ. ತೂರಲಿಲ್ಲ.
ಸಣ್ಣ ಜೆಟ್ಟು ಬಿಚ್ಚಿ ಬಾಯಿಟ್ಟು ಊದಿ
ಆಕಾಶಕ್ಕೆ ಹಿಡಿದ: ಸೂಜಿಮೊನೆಯಷ್ಟು ಬೆಳಕು.
'ಇದೂ ಸಾಫ್ ಅದ.'
ಮತ್ತೆ ಕೂಡಿಸಿ ಚಾಲು ಮಾಡಿಸಿದ,
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ.
ಅಷ್ಟರಲ್ಲಿ ಏರ್‌ಫೋರ್ಸಿನ ತರಬೇತಿ ವಿಮಾನಗಳು,
ಒಂದು, ಅದರ ಹಿಂದೆ ಇನ್ನೊಂದು.
'ತಡೀರಿ. ಅವೂ ಕಲೀಲತ್ತಾವ. ಹೋಗ್ಲಿ.'

ಆಕಾಶ ಖಾಲಿಯಾದ ಮೇಲೆ
ಕಾರ್ಬೊರೇಟರಿನ ಬುಡಕ್ಕೆ ಎರಡು ಹನಿ ಎಣ್ಣೆ ಬಿಟ್ಟ.
ಸೊರ್ರೆಂದು ಒಳಗೆಳೆದುಕೊಂಡಿತು.
ಆ ಒಂದು ಗಳಿಗೆ
ನಿದ್ದೆಯ ಕೂಸಿನಂತೆ ಸಮವಾಗಿ ಉಸಿರಾಡಿತು ಗಾಡಿ,
ಮತ್ತೆ ಕೆಮ್ಮು.

'ಪ್ಯಾಕಿಂಗ್ ಹೋಗ್ಯಾದ. ಕಳ್ಳಗಾಳಿ.
ಬಿಸಿ ಆದ್ರ ಲೋಹ ಹಿಗ್ಗಿ ಸಂದು ಮುಚ್ಚತದ,
ಥಂಡ್ಯಾಗ ಬಾಯಿ ತೆರೀತದ.'
ಕ್ಯಾಲೆಂಡರಿನ ರಟ್ಟಿನಷ್ಟು ದಪ್ಪದ ಹಾಳೆ ಕತ್ತರಿಸಿ ಕೂಡಿಸಿದ.
ನೂರಾ ಎಂಬತ್ತು ರೂಪಾಯಿ, ಮೇಲೊಂದು ಚಹಾ.

ಮರುದಿನ ಸಿಸ್ಟರಿಗೆ ಹೇಳಬೇಕೆಂದು
ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.
ಬಾಯಿಗೆ ಬಂದದ್ದು ಇಷ್ಟೇ:
'ಪ್ಯಾಕಿಂಗ್ ಹೋಗಿತ್ರಿ.'
ಅವರು ನನ್ನನ್ನೊಮ್ಮೆ ನೋಡಿದರು,
ಥರ್ಮಾಮೀಟರು ಓದುವವರ ಹಾಗೆ.

ಚೋಕ್ ಎಳೆದರು. ಹತ್ತಿತು.
ಕಾಲು ತೆಗೆದರು. ಹಾಗೇ ಓಡುತ್ತಿತ್ತು.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತ ಕೂತೆವು.
ಆಮೇಲೆ ಮೊದಲ ಗೇರು,
ಕ್ಲಚ್ಚಿನಿಂದ ಕಾಲು ಥಟ್ಟನೆ ಎದ್ದಿತು:
ಗಾಡಿ ಎಗರಿ ಬಂದ್.

ನಾನು ಬಾಯಿ ತೆರೆಯುವ ಮೊದಲೇ
ಎಸ್ತೇರ ಸಿಸ್ಟರ್ ಸ್ಟೇರಿಂಗಿಗೆ ಹಣೆ ಒರಗಿಸಿ ನಕ್ಕರು:
'ಇದು ನಂದೇ ರಿ ಸರ್. ಇದು ಖರೇ ನಂದೇ.'